ಗೇಮಿಂಗ್ ಪಿಸಿ ಕೊಳ್ಳುವ ಮುನ್ನ: ನಿಧಾನವಾಗಿ ಹಳೆಯದಾಗುವುದನ್ನು ಮೊದಲು ಆರಿಸಿ

ನಮ್ಮ ಅಕ್ಕನ ಮಗ ಮುಲುಂಡಿನಲ್ಲಿದ್ದಾನೆ, ಕಾಲೇಜು ಓದುತ್ತಾನೆ. 2024ರ ದೀಪಾವಳಿ ಹೊತ್ತಿಗೇ ಅವನ ಹತ್ತಿರ ಒಂದು ಲಕ್ಷ ರೂಪಾಯಿ ಕೂಡಿತ್ತು. "ಬಾ, ಕೊಂಡುಬಿಡೋಣ" ಅಂದೆ. "ಬೇಡ ಮಾಮ, ಜನವರಿಯಲ್ಲಿ ಹೊಸ ಕಾರ್ಡ್ ಬರ್ತದೆ" ಅಂದ. 2025ರ ಜನವರಿಯಲ್ಲಿ ಎನ್‌ವಿಡಿಯಾದ 50 ಸರಣಿಯ ಗ್ರಾಫಿಕ್ಸ್ ಕಾರ್ಡ್ (ಆಟದ ಚಿತ್ರ ಬಿಡಿಸುವ ಭಾಗ) ಬಂತು. ಆಗ "ಬೆಲೆ ಸ್ವಲ್ಪ ಇಳೀಲಿ" ಅಂದ. ಮಾರ್ಚಿನಲ್ಲಿ ಎಎಂಡಿಯ ಆರ್‌ಎಕ್ಸ್ 9070 ಬಂತು, ಜೂನಿನಲ್ಲಿ 9060 ಎಕ್ಸ್‌ಟಿ ಬಂತು. ಅವನು ಇನ್ನೂ ಕಾಯುತ್ತಲೇ ಇದ್ದ. ಅಷ್ಟರಲ್ಲಿ ಯಾರೂ ತಲೆಕೆಡಿಸಿಕೊಳ್ಳದ ರ‍್ಯಾಮ್, ಅಂದರೆ ಪಿಸಿ ಓಡುವಾಗ ಬಳಸುವ ಮೆಮೊರಿಯ ಬೆಲೆ, ಏರಿಬಿಟ್ಟಿತು.

2025ರ ಕೊನೆಯ ತಿಂಗಳುಗಳಲ್ಲಿ ಡಿಡಿಆರ್5 ಎಂಬ ಹೊಸ ಪೀಳಿಗೆಯ ರ‍್ಯಾಮ್ ಬೆಲೆ ಎರಡು ಪಟ್ಟು ದಾಟಿತು. ಕಾರಣ ಗೇಮಿಂಗ್ ಅಲ್ಲವೇ ಅಲ್ಲ. ಜಗತ್ತಿನ ಮೆಮೊರಿ ಚಿಪ್ಪುಗಳ ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳಿಂದ ಬರುತ್ತದೆ. ಎಐ ಡೇಟಾ ಸೆಂಟರುಗಳು ಕೇಳುವ ಮೆಮೊರಿಯಲ್ಲಿ ಲಾಭ ಜಾಸ್ತಿ, ಹಾಗಾಗಿ ಕಾರ್ಖಾನೆಗಳು ಆ ಕಡೆ ತಿರುಗಿದವು. ಮೈಕ್ರಾನ್ ಅಂತೂ ಕ್ರೂಶಿಯಲ್ ಹೆಸರಿನಲ್ಲಿ ನಮ್ಮಂಥವರಿಗೆ ಮಾರುತ್ತಿದ್ದ ವ್ಯವಹಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರಿನಲ್ಲಿ ಹೇಳಿತು.

ಆ ಹುಡುಗನ ತಪ್ಪು ಕಾದದ್ದಲ್ಲ. ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಬದಲಾಗುತ್ತವೆ ಅಂದುಕೊಂಡದ್ದು. ಹಾಗಿಲ್ಲ. ಗ್ರಾಫಿಕ್ಸ್ ಕಾರ್ಡಿನ ಹೊಸ ಪೀಳಿಗೆ ಸುಮಾರು ಎರಡು ವರ್ಷಕ್ಕೊಮ್ಮೆ ಬರುತ್ತದೆ. ಮದರ್‌ಬೋರ್ಡಿನ ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ನಾಲ್ಕೈದು ವರ್ಷ ನಡೆಯಬಹುದು. ಒಳ್ಳೆಯ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಹಂಚುವ ಪೆಟ್ಟಿಗೆ) ಮತ್ತು ಮಾನಿಟರ್ ಎಂಟು ವರ್ಷವಾದರೂ ಕೆಲಸ ಮಾಡುತ್ತವೆ. ಅದಕ್ಕೇ ನಾನು ತಿರುಗಾಮುರುಗಾ ಯೋಚಿಸುತ್ತೇನೆ. ನಿಧಾನವಾಗಿ ಹಳೆಯದಾಗುವ ಭಾಗವನ್ನು ಮೊದಲು, ಚೆನ್ನಾಗಿ ನೋಡಿ ಆರಿಸುವುದು. ಬೇಗ ಹಳೆಯದಾಗುವುದನ್ನು ಕೊನೆಗೆ, ಅಳತೆಯಾಗಿ ಕೊಳ್ಳುವುದು.

1. ಮೊದಲು ಕಾಗದ, ಆಮೇಲೆ ಅಂಗಡಿ

ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಿರಿ. ಈಗ ಯಾವ ಆಟ ಆಡುತ್ತೀರಿ, ಮುಂದಿನ ಎರಡು ವರ್ಷದಲ್ಲಿ ಯಾವುದು ಆಡಬೇಕು ಅಂತಿದ್ದೀರಿ, ಎಲ್ಲ ಸೇರಿ ಎಷ್ಟು ದುಡ್ಡಿದೆ. "ಎಲ್ಲ ಸೇರಿ" ಅಂದರೆ ಮಾನಿಟರ್, ಕೀಬೋರ್ಡ್, ವಿಂಡೋಸ್, ಟ್ಯಾಕ್ಸಿ ಬಾಡಿಗೆ ಕೂಡ.

ವ್ಯಾಲರಂಟ್, ಕೌಂಟರ್ ಸ್ಟ್ರೈಕ್ ಥರದ ಆಟವೇ ಮುಖ್ಯವಾದರೆ ಪ್ರೊಸೆಸರ್ ಚುರುಕಾಗಿರಬೇಕು, ಮಾನಿಟರ್ ವೇಗವಾಗಿರಬೇಕು. ಕಾರ್ಡ್ ಸಾಧಾರಣದ್ದೇ ಸಾಕು. ದೊಡ್ಡ ಕಥೆಯ ಆಟ ಆಡುವವರಿಗೆ ಕಾರ್ಡೇ ಮುಖ್ಯ. 2025ರ ಮೇ ತಿಂಗಳಲ್ಲಿ ಬಂದ ಡೂಮ್: ದಿ ಡಾರ್ಕ್ ಏಜಸ್, ರೇ ಟ್ರೇಸಿಂಗ್ (ಬೆಳಕು ಹರಿಯುವ ದಾರಿಯ ಲೆಕ್ಕ) ಹಾರ್ಡ್‌ವೇರ್ ಇಲ್ಲದ ಕಾರ್ಡಿನಲ್ಲಿ ಶುರುವೇ ಆಗುವುದಿಲ್ಲ. ಸೆಟ್ಟಿಂಗ್ ಕಡಿಮೆ ಮಾಡಿ ಹೇಗೋ ಆಡುತ್ತೇನೆ ಎನ್ನುವ ದಾರಿ ಅಲ್ಲಿ ಇಲ್ಲ.

2. ಮಾನಿಟರಿನಿಂದ ಲೆಕ್ಕ ಶುರುಮಾಡಿ

ಹೆಚ್ಚಿನವರು ಕಾರ್ಡಿನಿಂದ ಶುರುಮಾಡಿ, ಉಳಿದ ದುಡ್ಡಿನಲ್ಲಿ ಮಾನಿಟರ್ ತರುತ್ತಾರೆ. ಇದು ಉಲ್ಟಾ. ಎಷ್ಟು ಶಕ್ತಿಯ ಕಾರ್ಡ್ ಬೇಕು ಅಂತ ಹೇಳುವುದೇ ಮಾನಿಟರ್.

1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕಿ. 1440ಪಿಯಲ್ಲಿ ಸುಮಾರು 36.9 ಲಕ್ಷ. 4ಕೆ ಅಂದರೆ ಸುಮಾರು 83 ಲಕ್ಷ, 1080ಪಿಯ ಸರಿಯಾಗಿ ನಾಲ್ಕು ಪಟ್ಟು. ಪ್ರತಿ ಫ್ರೇಮಿಗೂ (ಒಂದೊಂದು ಚಿತ್ರಕ್ಕೂ) ಕಾರ್ಡ್ ಇಷ್ಟನ್ನೂ ಬಿಡಿಸಬೇಕು. ಒಂದು ಲಕ್ಷದ ಆಸುಪಾಸಿನ ಬಜೆಟ್ಟಿಗೆ 4ಕೆ ಆಸೆ ಬೇಡ. 27 ಇಂಚಿನ 1440ಪಿ, ಸೆಕೆಂಡಿಗೆ ಚಿತ್ರ ಬದಲಾಗುವ ಲೆಕ್ಕದಲ್ಲಿ 144 ಹರ್ಟ್ಸ್‌ಗಿಂತ ಮೇಲಿನ ಐಪಿಎಸ್ (ಒಂದು ಬಗೆಯ ಪರದೆ) ಮಾನಿಟರ್ ನನ್ನ ಪ್ರಕಾರ ಸರಿಯಾದ ಜಾಗ. ಮುಂಬೈಯ ಒಂದು ಕೋಣೆಯ ಮನೆಯಲ್ಲಿ ಮೇಜು ಚಿಕ್ಕದಿದ್ದು, ಪರದೆ ಮೂಗಿನ ಹತ್ತಿರವೇ ಬರುತ್ತದೆ ಅಂದರೆ 24 ಇಂಚಿನ 1080ಪಿ ಸಾಕು. ಮೊದಲು ಮೇಜು ಅಳೆಯಿರಿ.

3. ಮನೆಯಲ್ಲಿ ಈಗಾಗಲೇ ಏನಿದೆ?

ಈ ಹೆಜ್ಜೆಯ ಮೇಲೆ ಜಾಸ್ತಿ ಹೊತ್ತು ಕೂತುಕೊಳ್ಳಿ. ರ‍್ಯಾಮ್ ದುಬಾರಿಯಾದ ಕಾಲದಲ್ಲಿ ಹಳೆಯ ಪಿಸಿಯಲ್ಲಿರುವ 16 ಜಿಬಿ ಡಿಡಿಆರ್4 (ಹಿಂದಿನ ಪೀಳಿಗೆಯದು) ಬಂಗಾರ ಇದ್ದ ಹಾಗೆ.

ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಒಬ್ಬ ಹುಡುಗನ ಹತ್ತಿರ ಹೀಗಿತ್ತು: ಬಿ450 ಬೋರ್ಡ್, ರೈಜೆನ್ 5 2600, 16 ಜಿಬಿ ಡಿಡಿಆರ್4, ಜಿಟಿಎಕ್ಸ್ 1060. ಎಲ್ಲ ಮಾರಿ ಹೊಸದು ಕಟ್ಟಬೇಕು ಅಂತಿದ್ದ. ಬೋರ್ಡ್ ಎಎಂ4 ಸಾಕೆಟ್ಟಿನದು. 2017ರಲ್ಲಿ ಮೊದಲ ರೈಜೆನ್ ಕೂತ ಆ ಸಾಕೆಟ್ಟಿನಲ್ಲೇ 2020ರ ಕೊನೆಗೆ ಬಂದ 5000 ಸರಣಿಯೂ ಕೂರುತ್ತದೆ, ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದರೆ ಆಯಿತು. ಹಳೆ ಪ್ರೊಸೆಸರ್ ತೆಗೆಯುವ ಮುಂಚೆಯೇ ಅಪ್‌ಡೇಟ್ ಮಾಡಬೇಕು, ಇದನ್ನು ಮಾತ್ರ ಮರೆಯಬಾರದು. ಅವನು ಪ್ರೊಸೆಸರ್ ಮತ್ತು ಕಾರ್ಡ್ ಎರಡನ್ನೇ ಬದಲಿಸಿದ. ರೈಜೆನ್ 5 5600, ಜೊತೆಗೆ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ. ರ‍್ಯಾಮ್, ಬೋರ್ಡ್, ಕ್ಯಾಬಿನೆಟ್ ಹಾಗೇ ಉಳಿದವು.

ಆ ಕಾರ್ಡೇ ಯಾಕೆ ಅಂದರೆ, ಬಿ450ರಲ್ಲಿ ಕಾರ್ಡ್ ಕೂರುವ ಸ್ಲಾಟ್ ಹಳೆಯ ಪಿಸಿಐಇ 3.0 ಮಾದರಿಯದು. ಆರ್‌ಟಿಎಕ್ಸ್ 5060 ಮತ್ತು 5060 ಟಿಐ ಎಂಟೇ ಲೇನ್ (ಡೇಟಾ ಓಡಾಡುವ ದಾರಿ) ಬಳಸುತ್ತವೆ. ಹೊಸ ಬೋರ್ಡಿನಲ್ಲಿ ಅದು ಗೊತ್ತಾಗುವುದಿಲ್ಲ, ಆದರೆ ಹಳೆಯ 3.0 ಸ್ಲಾಟಿನಲ್ಲಿ ದಾರಿ ಇಕ್ಕಟ್ಟಾಗುತ್ತದೆ. ಕಾರ್ಡಿನ ಮೆಮೊರಿ 8 ಜಿಬಿ ಮಾತ್ರ ಇದ್ದರೆ ಇನ್ನೂ ಕಷ್ಟ. ಮೆಮೊರಿ ತುಂಬಿದಾಗ ಡೇಟಾ ಅದೇ ಇಕ್ಕಟ್ಟಾದ ದಾರಿಯಲ್ಲಿ ಓಡಾಡಬೇಕು. 9060 ಎಕ್ಸ್‌ಟಿ ಹದಿನಾರು ಲೇನ್ ಬಳಸುತ್ತದೆ.

ಹಳೆಯದನ್ನು ಉಳಿಸಿಕೊಳ್ಳುವ ಮುನ್ನ ಎರಡು ವಿಷಯ ನೋಡಿ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 (ಪಿಸಿಯ ಭದ್ರತಾ ಸೌಲಭ್ಯ) ಬೇಕು. ಇಂಟೆಲ್‌ನಲ್ಲಿ 8ನೇ ಪೀಳಿಗೆಯಿಂದ, ರೈಜೆನ್‌ನಲ್ಲಿ 2000 ಸರಣಿಯಿಂದ ಮೇಲಿನವು ಸಾಮಾನ್ಯವಾಗಿ ಅದರ ಪಟ್ಟಿಯಲ್ಲಿವೆ. ಬಹಳ ಬೋರ್ಡುಗಳಲ್ಲಿ ಟಿಪಿಎಂ ಇದ್ದೂ ಬಯೋಸ್‌ನಲ್ಲಿ ಆಫ್ ಆಗಿರುತ್ತದೆ. ಆನ್ ಮಾಡಿದರೆ ಸಾಕು, ಸುಮ್ನೆ ಬೋರ್ಡ್ ಬದಲಿಸಬೇಡಿ. ಎರಡನೆಯದು, ಜಿಟಿಎಕ್ಸ್ 900 ಮತ್ತು 1000 ಸರಣಿಯ ಕಾರ್ಡುಗಳಿಗೆ ಹೊಸ ಆಟಗಳ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರಿನ ನಂತರ ನಿಲ್ಲಿಸಿದೆ. ಆ ಕಾರ್ಡ್ ಇದ್ದವರು ಬದಲಿಸುವ ಲೆಕ್ಕ ಹಾಕಲೇಬೇಕು.

4. ಕಾಯಬೇಕಾ, ಕೊಳ್ಳಬೇಕಾ?

ನಾನು ಪಾಲಿಸುವುದು ಇಷ್ಟೇ. ನಿಮಗೆ ಬೇಕಾದ ಬೆಲೆಯ ಭಾಗವೊಂದು, ತಾರೀಖಿನ ಸಮೇತ, ಮುಂದಿನ ಆರು ವಾರದೊಳಗೆ ಬರುತ್ತದೆ ಅಂತ ಕಂಪನಿಯೇ ಹೇಳಿದ್ದರೆ ಕಾಯಿರಿ. ಅಂತೆಕಂತೆಗೆ ಕಾಯಬೇಡಿ. ಮೊದಲು ಬರುವುದು ಸಾಮಾನ್ಯವಾಗಿ ದುಬಾರಿ ಕಾರ್ಡ್. 50 ಸರಣಿಯಲ್ಲೇ ನೋಡಿ, 5090 ಮತ್ತು 5080 ಜನವರಿಯಲ್ಲಿ ಬಂದವು, 5060 ಬರುವಾಗ ಮೇ ತಿಂಗಳು. "ಹೊಸ ಪೀಳಿಗೆ ಬರ್ತಿದೆ" ಅನ್ನುವ ಸುದ್ದಿ ಮಧ್ಯಮ ಬಜೆಟ್ಟಿನವರ ಮನೆ ಬಾಗಿಲಿಗೆ ಬರಲು ಇನ್ನೂ ನಾಲ್ಕೈದು ತಿಂಗಳು ಬೇಕು ಅಂತಲೇ ಲೆಕ್ಕ.

ರ‍್ಯಾಮ್ ವಿಷಯದಲ್ಲಿ ಕಾದರೆ ಇಳಿಯುತ್ತದೆ ಅನ್ನುವ ಭರವಸೆಯ ಮೇಲೆ ಯೋಜನೆ ಕಟ್ಟಬೇಡಿ. ಹೊಸ ಚಿಪ್ ಕಾರ್ಖಾನೆ ಶುರುವಾಗಲು ವರ್ಷಗಳೇ ಬೇಕು.

5. ಬುನಾದಿ: ಎಸ್‌ಎಂಪಿಎಸ್, ಕ್ಯಾಬಿನೆಟ್, ನಮ್ಮ ಊರಿನ ಹವೆ

ಎಸ್‌ಎಂಪಿಎಸ್‌ನಲ್ಲಿ ಉಳಿಸಲು ಹೋಗಬೇಡಿ. ಕೆಟ್ಟ ಎಸ್‌ಎಂಪಿಎಸ್ ತಾನೊಬ್ಬನೇ ಸಾಯುವುದಿಲ್ಲ, ಜೊತೆಗೆ ಬೋರ್ಡನ್ನೂ ಕರೆದುಕೊಂಡು ಹೋಗುತ್ತದೆ. ಡಬ್ಬದ ಮೇಲಿನ ಬ್ರಾಂಜ್, ಗೋಲ್ಡ್ ಪಟ್ಟಿ ಹೇಳುವುದು ಎಷ್ಟು ಕರೆಂಟ್ ಪೋಲಾಗುತ್ತದೆ ಅನ್ನುವುದನ್ನು ಮಾತ್ರ. ಗುಣಮಟ್ಟಕ್ಕೆ ವಾರಂಟಿ ನೋಡಿ: ಐದು ವರ್ಷ ಅಥವಾ ಜಾಸ್ತಿ ಇರಲಿ. ವ್ಯಾಟ್ ಲೆಕ್ಕಕ್ಕೆ ಎನ್‌ವಿಡಿಯಾ ತಾನೇ ಹೇಳುವುದು 5060 ಟಿಐಗೆ 600, 5070ಕ್ಕೆ 650. ನಾನಾದರೆ 750 ವ್ಯಾಟಿನದು ತೆಗೆದುಕೊಳ್ಳುತ್ತೇನೆ. ಮುಂದೆ ಕಾರ್ಡ್ ಬದಲಿಸಿದಾಗಲೂ ಇದೇ ಇರುತ್ತದೆ ಅಲ್ವಾ?

ಕ್ಯಾಬಿನೆಟ್ ಆರಿಸುವಾಗ ಮುಂಬೈಯನ್ನು ಮರೆಯಬೇಡಿ. ಕೋಣೆ 23 ಡಿಗ್ರಿಯಿಂದ 33 ಡಿಗ್ರಿಗೆ ಹೋದರೆ ಕಾರ್ಡಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಮುಂದೆ ಗಾಜು ಮುಚ್ಚಿದ ಚಂದದ ಪೆಟ್ಟಿಗೆ ಬೇಡ. ಮುಂದೆ ಜಾಲರಿ, ಎರಡು ಫ್ಯಾನ್ ಒಳಗೆ, ಒಂದು ಹೊರಗೆ, ಕಳಚಿ ತೊಳೆಯಬಹುದಾದ ದೂಳಿನ ಫಿಲ್ಟರ್. ಮಳೆಗಾಲದಲ್ಲಿ ತೇವ ಬರುವ ಹೊರಗೋಡೆಗೆ ತಾಗಿಸಿ ಇಡಬೇಡಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಊರಿಗೆ ಹೋಗಿ ವಾರಗಟ್ಟಲೆ ಪಿಸಿ ಮುಚ್ಚಿಡುವವರು, ಬಂದ ಮೇಲೆ ಸ್ವಿಚ್ ಹಾಕುವ ಮುಂಚೆ ಫ್ಯಾನ್ ಗಾಳಿಯಲ್ಲಿ ಸ್ವಲ್ಪ ಹೊತ್ತು ಆರಲು ಬಿಡಿ. ಸಮುದ್ರದ ಹತ್ತಿರದ ಮನೆಗಳಲ್ಲಿ ಉಪ್ಪುಗಾಳಿಗೆ ಸ್ಕ್ರೂ ಮತ್ತು ಪೋರ್ಟುಗಳು ತುಕ್ಕು ಹಿಡಿಯುತ್ತವೆ, ಅವನ್ನೂ ಆಗಾಗ ನೋಡುತ್ತಿರಿ.

ಯುಪಿಎಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಆಟದ ಮಧ್ಯೆ ಕರೆಂಟ್ ಹೋದರೆ ಅದು ಭಾರ ತಡೆಯದೆ ತಾನೂ ಆರಿಹೋಗಬಹುದು. ಮುಂಬೈಯಲ್ಲಿ ಕರೆಂಟ್ ಹೋಗುವುದು ಕಡಿಮೆ. ಅದಕ್ಕಿಂತ ಮೊದಲು ಎಲೆಕ್ಟ್ರಿಶಿಯನ್ ಕರೆಸಿ ಪ್ಲಗ್ಗಿನಲ್ಲಿ ಅರ್ಥಿಂಗ್ ಇದೆಯಾ ಅಂತ ನೋಡಿಸಿ. ಹಳೇ ಚಾಳುಗಳಲ್ಲಿ, ಹಳೇ ಸೊಸೈಟಿಗಳಲ್ಲಿ ಮೂರನೇ ತೂತು ಇದ್ದರೂ ಅದಕ್ಕೆ ತಂತಿಯೇ ಇಲ್ಲದ್ದನ್ನು ನಾನು ಕಂಡಿದ್ದೇನೆ.

ಕರೆಂಟ್ ಬಿಲ್ಲೂ ಬಜೆಟ್ಟಿನಲ್ಲಿರಲಿ. ಆಡುವಾಗ 350 ವ್ಯಾಟ್ ಎಳೆಯುವ ಪಿಸಿ ದಿನಕ್ಕೆ ನಾಲ್ಕು ಗಂಟೆ ನಡೆದರೆ 1.4 ಯೂನಿಟ್, ತಿಂಗಳಿಗೆ 42. ಇಲ್ಲಿ 100 ಮತ್ತು 300 ಯೂನಿಟ್ ದಾಟಿದ ಹಾಗೆ ದರ ಏರುತ್ತದೆ. ಆ ಮಿತಿಯ ಅಂಚಿನಲ್ಲಿರುವ ಬಿಲ್ಲಿಗೆ ಆ 42 ಯೂನಿಟ್ ಭಾರವೇ.

6. ಬೋರ್ಡ್, ಪ್ರೊಸೆಸರ್, ರ‍್ಯಾಮ್

ಹೊಸದಾಗಿ ಕಟ್ಟುವವರಿಗೆ ನನ್ನ ಒಲವು ಎಎಂಡಿಯ ಎಎಂ5 ಸಾಕೆಟ್ ಕಡೆಗೆ. 2022ರಲ್ಲಿ ಬಂತು, 2027ರವರೆಗೂ ಅದಕ್ಕೆ ಬೆಂಬಲ ಇದೆ ಅಂತ ಎಎಂಡಿ ಹೇಳಿದೆ. ಅಂದರೆ ಎರಡು ಮೂರು ವರ್ಷ ಬಿಟ್ಟು ಪ್ರೊಸೆಸರ್ ಒಂದನ್ನೇ ಬದಲಿಸಿಕೊಳ್ಳುವ ದಾರಿ ತೆರೆದಿರುತ್ತದೆ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ 12, 13, 14ನೇ ಪೀಳಿಗೆಗೆ ನಡೆಯಿತು. ಅಗ್ಗಕ್ಕೆ ಸಿಕ್ಕರೆ, ಅದರಲ್ಲೂ ಡಿಡಿಆರ್4 ಬೋರ್ಡಿನ ಜೊತೆ ಸಿಕ್ಕರೆ, ಒಳ್ಳೆಯದೇ. ಆದರೆ ಹಳೆಯ 13 ಅಥವಾ 14ನೇ ಪೀಳಿಗೆಯ ಐ7, ಐ9 ಸೆಕೆಂಡ್‌ಹ್ಯಾಂಡ್ ಕೊಳ್ಳುವುದು ಬೇಡ. ವೋಲ್ಟೇಜ್ ಸಮಸ್ಯೆಯಿಂದ ಅವುಗಳಲ್ಲಿ ಕೆಲವು ಸವೆಯುತ್ತಿದ್ದವು, 2024ರಲ್ಲಿ ಇಂಟೆಲ್ ಸರಿಪಡಿಸುವ ಮೈಕ್ರೋಕೋಡ್ (ಪ್ರೊಸೆಸರಿನ ಅಪ್‌ಡೇಟ್) ಕೊಟ್ಟು ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆಗಲೇ ಸವೆದ ಚಿಪ್ಪನ್ನು ಅಪ್‌ಡೇಟ್ ಮೊದಲಿನ ಹಾಗೆ ಮಾಡುವುದಿಲ್ಲ.

ಬೋರ್ಡಿಗೆ ಬಿ650 ಸಾಕು. ಒಂದೇ ಒಂದು ಸೌಲಭ್ಯ ಕೇಳಿ ತೆಗೆದುಕೊಳ್ಳಿ: ಬಯೋಸ್ ಫ್ಲ್ಯಾಶ್ ಬಟನ್. ನಾಳೆ ಹೊಸ ಪ್ರೊಸೆಸರ್ ತಂದಾಗ ಪೆನ್‌ಡ್ರೈವಿನಿಂದಲೇ ಬೋರ್ಡನ್ನು ಸಿದ್ಧಮಾಡಬಹುದು. ಪ್ರೊಸೆಸರಿಗೆ ರೈಜೆನ್ 5 7600. ಕೂಲರ್ ಡಬ್ಬದಲ್ಲೇ ಬರುತ್ತದೆ, ಚಿಕ್ಕ ಗ್ರಾಫಿಕ್ಸೂ ಒಳಗೇ ಇದೆ. ಅಂಗಡಿಯವರು 7500ಎಫ್ ಹೇಳಬಹುದು, ಬೆಲೆ ಕಡಿಮೆ, ಆಟದಲ್ಲಿ ವ್ಯತ್ಯಾಸ ಅಲ್ಪ. ಆದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಸರ್ವಿಸ್ ಸೆಂಟರಿಗೆ ಹೋದ ಮೂರು ವಾರ ಪರದೆ ಕಪ್ಪಗೇ ಇರುತ್ತದೆ. ಓದುವ ಮಕ್ಕಳಿರುವ ಮನೆಗೆ 7600 ಮೇಲು.

ರ‍್ಯಾಮಿಗೆ ಬಂದರೆ, ಎಎಂ5ಗೆ ಡಿಡಿಆರ್5 ಬಿಟ್ಟು ಬೇರೆ ನಡೆಯುವುದಿಲ್ಲ. 6000 ವೇಗದ, ಎರಡು ಕಡ್ಡಿಯ ಜೋಡಿ ತೆಗೆದುಕೊಳ್ಳಿ. 16 ಜಿಬಿಯ ಎರಡು, ಅಂದರೆ 32, ಆದರೆ ಬಹಳ ಒಳ್ಳೆಯದು. ದುಡ್ಡು ಸಾಲದಿದ್ದರೆ 8ರ ಎರಡು. "ನಾಲ್ಕು ಸ್ಲಾಟ್ ಇದೆಯಲ್ಲ, ಆಮೇಲೆ ಇನ್ನೆರಡು ಹಾಕೋಣ" ಅಂದುಕೊಳ್ಳಬೇಡಿ, ನಾಲ್ಕು ಕಡ್ಡಿ ಹಾಕಿದರೆ ಡಿಡಿಆರ್5 ವೇಗ ಇಳಿಯುತ್ತದೆ. ಬಣ್ಣದ ದೀಪದ ರ‍್ಯಾಮ್ ಬಿಡಿ, ದೀಪದ ಕೂಲರ್ ಬಿಡಿ, ಆ ದುಡ್ಡನ್ನು ಇಲ್ಲಿಗೆ ತನ್ನಿ. ಎಸ್‌ಎಸ್‌ಡಿ 1 ಟಿಬಿ, ಜೆನ್ 4 ಸಾಕು. ಜೆನ್ 5 ಆಟಕ್ಕೆ ಬೇಕಾಗಿಲ್ಲ.

7. ಕೊನೆಗೆ ಗ್ರಾಫಿಕ್ಸ್ ಕಾರ್ಡ್

ಒಂದು ಲಕ್ಷದಲ್ಲಿ ಕಾರ್ಡಿಗೆ 35ರಿಂದ 40 ಸಾವಿರ ಮಿತಿ ಹಾಕಿಕೊಳ್ಳಿ. ಮೆಮೊರಿ ಮುಖ್ಯ. 1440ಪಿ ಆಡುವವರು 8 ಜಿಬಿ ಕಾರ್ಡ್ ಕೊಳ್ಳಬಾರದು, ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಹೆಸರು ಒಂದೇ ಇಟ್ಟು ಎರಡು ಥರ ಮಾರುತ್ತಾರೆ: 5060 ಟಿಐಯಲ್ಲಿ 8 ಮತ್ತು 16, 9060 ಎಕ್ಸ್‌ಟಿಯಲ್ಲೂ 8 ಮತ್ತು 16. ಈ ಬೆಲೆಗೆ 9060 ಎಕ್ಸ್‌ಟಿ 16 ಜಿಬಿ ನನ್ನ ಮೊದಲ ಆಯ್ಕೆ. ಅದು ಎಳೆಯುವುದು 160 ವ್ಯಾಟ್ ಆದ್ದರಿಂದ ಸೆಕೆಯ ಕೋಣೆಗೂ ಒಳ್ಳೆಯದು. ಬ್ಲೆಂಡರ್ ಸಾಫ್ಟ್‌ವೇರಿನಲ್ಲಿ 3ಡಿ ಕೆಲಸ, ವಿಡಿಯೊ ಎಡಿಟಿಂಗ್ ಕೂಡ ಮಾಡುವವರು ಜಾಸ್ತಿ ಕೊಟ್ಟಾದರೂ 5060 ಟಿಐ 16 ಜಿಬಿ ನೋಡಿ. ಇಂಟೆಲ್ ಆರ್ಕ್ ಬಿ580ಯಲ್ಲಿ 12 ಜಿಬಿ ಇದೆ, ಬೆಲೆಯೂ ಹಗುರ, ಆದರೆ ಹಳೆಯ ಪ್ರೊಸೆಸರ್ ಜೊತೆ ಅದು ಸೊರಗುತ್ತದೆ.

8. ಲ್ಯಾಮಿಂಗ್ಟನ್ ರೋಡಿನ ದಿನ

ಮುಲುಂಡ್, ಡೊಂಬಿವಲಿ ಕಡೆಯವರು ದಾದರಿನಲ್ಲಿ ಬದಲಿಸಿ ವೆಸ್ಟರ್ನ್ ಲೈನಿನ ಸ್ಲೋ ಲೋಕಲ್ ಹಿಡಿಯಿರಿ, ಗ್ರಾಂಟ್ ರೋಡಿನಲ್ಲಿ ಪೂರ್ವಕ್ಕೆ ಇಳಿಯಿರಿ. ಬೋರ್ಡಿನ ಮೇಲೆ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಅಂತಿರುತ್ತದೆ, ಕೇಳುವಾಗ ಲ್ಯಾಮಿಂಗ್ಟನ್ ರೋಡ್ ಅನ್ನಿ. ಭಾನುವಾರ ಬಹುತೇಕ ಮುಚ್ಚಿರುತ್ತದೆ. ವಾರದ ದಿನ ಬೆಳಗ್ಗೆ ಅಂಗಡಿ ತೆರೆದ ಸ್ವಲ್ಪ ಹೊತ್ತಿಗೆ ಹೋದರೆ ಮಾತಾಡಲು ಅವರಿಗೂ ಪುರುಸೊತ್ತು ಇರುತ್ತದೆ.

ಎರಡು ಸಲ ಹೋಗಬೇಕು ಅಂತ ಮೊದಲೇ ಮನಸ್ಸು ಮಾಡಿಕೊಳ್ಳಿ. ಮೊದಲ ದಿನ ದುಡ್ಡು ಒಯ್ಯಬೇಡಿ, ಕೊಟೇಶನ್ ಮಾತ್ರ ತನ್ನಿ, ಮೂರು ಅಂಗಡಿಯದು. ಪೂರ್ತಿ ಮಾಡೆಲ್ ಹೆಸರು ಬರೆಸಿ. "16 ಜಿಬಿ ರ‍್ಯಾಮ್" ಅಂದರೆ ಒಂದು ಕಡ್ಡಿಯೋ ಎರಡೋ? "650 ವ್ಯಾಟ್ ಎಸ್‌ಎಂಪಿಎಸ್" ಅಂದರೆ ಯಾರದು, ಯಾವ ಮಾಡೆಲ್? ಹೇಳಿದ ಬೆಲೆ 18 ಶೇಕಡಾ ಜಿಎಸ್‌ಟಿ ಸೇರಿಸಿಯೋ ಬಿಟ್ಟೋ? ಇದೊಂದನ್ನು ಕೇಳದೆ ಹೋದರೆ ಒಂದು ಲಕ್ಷ ಕೊನೆಗೆ ಒಂದು ಲಕ್ಷದ ಹದಿನೆಂಟು ಸಾವಿರ ಆಗುತ್ತದೆ. ವಾಪಸ್ ಬರುವಾಗ ಮಾಟುಂಗದಲ್ಲಿ ಇಳಿದು, ಯಾವುದಾದರೂ ಉಡುಪಿ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಮೂರೂ ಹಾಳೆ ಪಕ್ಕಪಕ್ಕ ಇಟ್ಟು ನೋಡಿ. ಆನ್‌ಲೈನ್ ಬೆಲೆಯನ್ನೂ ಅಲ್ಲೇ ಹೋಲಿಸಿ. ನಾನು ಈವರೆಗೆ ಮೂರು ಪಿಸಿ ಹೀಗೇ ತೀರ್ಮಾನಿಸಿದ್ದು.

"ಬಿಲ್ ಬೇಡ ಅಂದರೆ ಕಡಿಮೆ ಮಾಡ್ತೇನೆ" ಅನ್ನುವವರು ಸಿಗುತ್ತಾರೆ. ಒಪ್ಪಬೇಡಿ. 2021ರಲ್ಲಿ ನಾನು ಒಪ್ಪಿದ್ದೆ. ಒಂದು ಅಂಗಡಿಯಿಂದ ಕಚ್ಚಾ ಚೀಟಿಯ ಮೇಲೆ ತಂದ ಎಸ್‌ಎಂಪಿಎಸ್ ಏಳನೇ ತಿಂಗಳಿಗೆ ನಿಂತಿತು. ಸರ್ವಿಸ್ ಸೆಂಟರಿನಲ್ಲಿ ಬಿಲ್ ಕೇಳಿದರು, ನನ್ನ ಹತ್ತಿರ ಇರಲಿಲ್ಲ. ಪೂರ್ತಿ ದುಡ್ಡು ಮತ್ತೆ ಕೊಟ್ಟೆ. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಇರಲಿ, ಡಬ್ಬದ ನಂಬರಿನ ಜೊತೆ ಅಲ್ಲೇ ತಾಳೆ ನೋಡಿ. ಭಾರತದ ವಾರಂಟಿ ಇದೆಯಾ, ಮುಂಬೈಯಲ್ಲಿ ಸರ್ವಿಸ್ ಎಲ್ಲಿ, ಕೇಳಿ ಬರೆದುಕೊಳ್ಳಿ. ತಕರಾರು ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಆದರೆ ಅಲ್ಲೂ ಮೊದಲು ಕೇಳುವುದು ಬಿಲ್ಲನ್ನೇ.

ಅಂಗಡಿಯಲ್ಲೇ ಜೋಡಿಸಿಕೊಂಡರೆ, ಮನೆಗೆ ತರುವ ಮುಂಚೆ ಗ್ರಾಫಿಕ್ಸ್ ಕಾರ್ಡ್ ಕಳಚಿ ಡಬ್ಬಕ್ಕೆ ಹಾಕಿಸಿ. ಟ್ಯಾಕ್ಸಿ ಗುಂಡಿಗೆ ಇಳಿದಾಗ ಭಾರದ ಕಾರ್ಡ್ ಸ್ಲಾಟನ್ನೇ ಮುರಿಯಬಹುದು. ಗಾಜಿನ ಕ್ಯಾಬಿನೆಟ್ ಹಿಡಿದು ಸಂಜೆಯ ಲೋಕಲ್ ಹತ್ತುವುದಂತೂ ಬೇಡವೇ ಬೇಡ.

9. ಮೊದಲ ವಾರ

ಎಎಂ5 ಪಿಸಿ ಮೊದಲ ಸಲ ಆನ್ ಆಗುವಾಗ ರ‍್ಯಾಮನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತದೆ. ಕೆಲವು ನಿಮಿಷ ಪರದೆ ಕಪ್ಪಗಿರುತ್ತದೆ. ಹೆದರಿ ಸ್ವಿಚ್ ತೆಗೆಯಬೇಡಿ, ಕಾಯಿರಿ. ಎರಡು ಕಡ್ಡಿಗಳು ಪ್ರೊಸೆಸರಿನಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟಿನಲ್ಲಿರಬೇಕು. ಬಯೋಸ್‌ಗೆ ಹೋಗಿ ಎಕ್ಸ್‌ಪೋ ಆನ್ ಮಾಡಿ, ಇಲ್ಲದಿದ್ದರೆ 6000ಕ್ಕೆ ದುಡ್ಡು ಕೊಟ್ಟ ರ‍್ಯಾಮ್ ಕಡಿಮೆ ವೇಗದಲ್ಲೇ ಓಡುತ್ತದೆ. ರಿಸೈಜಬಲ್ ಬಾರ್ (ಕಾರ್ಡಿನ ಮೆಮೊರಿ ಪೂರ್ತಿ ಪ್ರೊಸೆಸರಿಗೆ ಸಿಗುವಂತೆ ಮಾಡುವ ಸೆಟ್ಟಿಂಗ್) ಆನ್ ಇದೆಯಾ ನೋಡಿ. ಮಾನಿಟರ್ ಕೇಬಲ್ ಬೋರ್ಡಿಗಲ್ಲ, ಕಾರ್ಡಿಗೆ ಹಾಕಿ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ರಿಫ್ರೆಶ್ ರೇಟ್ ಅನೇಕ ಸಲ 60ರಲ್ಲೇ ನಿಂತಿರುತ್ತದೆ, ಬದಲಿಸಿ. 180 ಹರ್ಟ್ಸ್ ಮಾನಿಟರನ್ನು ವರ್ಷವಿಡೀ 60ರಲ್ಲಿ ಓಡಿಸಿದವರನ್ನು ನಾನು ಬಲ್ಲೆ.

ಆ ವಾರ ಪಿಸಿಯನ್ನು ಚೆನ್ನಾಗಿ ದುಡಿಸಿ. ಒಂದು ರಾತ್ರಿ ಪೂರ್ತಿ ಮೆಮೊರಿ ಟೆಸ್ಟ್, ಮಧ್ಯಾಹ್ನದ ಸೆಕೆಯಲ್ಲಿ ಎರಡು ಗಂಟೆ ಭಾರದ ಆಟ. ದೋಷ ಇದ್ದರೆ ಈಗಲೇ ಗೊತ್ತಾಗಲಿ, ಅಂಗಡಿಯವರು ಬದಲಿಸಿ ಕೊಡುವ ದಿನಗಳಲ್ಲೇ. ಡಬ್ಬಗಳನ್ನು ಅಟ್ಟದ ಮೇಲೆ ಇಡಿ. ಬಿಲ್ಲಿನ ಫೋಟೊ ಅವತ್ತೇ ತೆಗೆದು ನಿಮಗೆ ನೀವೇ ಇಮೇಲ್ ಮಾಡಿಕೊಳ್ಳಿ. ಥರ್ಮಲ್ ಕಾಗದದ ಬಿಲ್ಲಿನ ಅಕ್ಷರ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಮಾಸಿಹೋಗುತ್ತದೆ, ಎಸ್‌ಎಂಪಿಎಸ್ ವಾರಂಟಿ ಆಗ ಇನ್ನೂ ಮೂರು ವರ್ಷ ಬಾಕಿ ಇರುತ್ತದೆ.